ಲ್ಯಾಕ್ಟಿಕ್ ಆಮ್ಲ ಬಿಡಿಸಿದ ಗಂಟು

ಸಾವಯವ ಸಂಯುಕ್ತಗಳ ಹೆಸರು ಬರೆಯುವಾಗ ನಾನು ಎಡವುತ್ತಿದ್ದುದು ಒಂದೇ ಕಡೆ: ಒಂದೇ ಅಣುವಿನಲ್ಲಿ ಎರಡು ಕ್ರಿಯಾ ಗುಂಪುಗಳಿದ್ದಾಗ, ಅಂದರೆ ಸಂಯುಕ್ತದ ಗುಣ ನಿರ್ಧರಿಸುವ ಪರಮಾಣು ಗುಂಪುಗಳು. ಓಎಚ್ ಕಂಡ ಕೂಡಲೇ ಆಲ್ಕೋಹಾಲ್ ಎಂದು ಹೆಸರಿಸಿಬಿಡುತ್ತಿದ್ದೆ.

ಗಂಟು ಬಿಡಿಸಿದ್ದು ಮೊಸರಿನ ಹುಳಿ, ಲ್ಯಾಕ್ಟಿಕ್ ಆಮ್ಲ. ಅದರಲ್ಲಿ ಆಲ್ಕೋಹಾಲಿನ ಗುಂಪು ಓಎಚ್ ಇದೆ, ಆಮ್ಲದ ಗುಂಪು ಸಿಓಓಎಚ್ ಕೂಡ ಇದೆ. ಹೆಸರಿಸುವಾಗ ಹಿರಿತನ ಆಮ್ಲದ ಗುಂಪಿಗೆ. ಅದರ ಕಾರ್ಬನ್ನಿಗೇ ಸಂಖ್ಯೆ 1, ಓಎಚ್ ಇರುವ ಪಕ್ಕದ ಕಾರ್ಬನ್ನಿಗೆ 2. ಮೂರು ಕಾರ್ಬನ್ನಿನ ಸರಪಳಿ ಪ್ರೊಪನೋಯಿಕ್ ಆಮ್ಲವಾಯಿತು, ಓಎಚ್ 'ಹೈಡ್ರಾಕ್ಸಿ' ಆಗಿ ಹೆಸರಿನ ಮುಂದಕ್ಕೆ ಸರಿಯಿತು: 2-ಹೈಡ್ರಾಕ್ಸಿಪ್ರೊಪನೋಯಿಕ್ ಆಮ್ಲ. (ಸಿಓಓಎಚ್‌ನೊಳಗಿನ ಓಎಚ್ ಅನ್ನು ಬೇರೆಯಾಗಿ ಎಣಿಸಬಾರದು. ಅದನ್ನೂ ಮಾಡುತ್ತಿದ್ದೆ.)

ಈಗ ಸಂಖ್ಯೆ ಹಾಕುವ ಮೊದಲು ಹಿರಿಯ ಗುಂಪನ್ನು ಹುಡುಕುತ್ತೇನೆ: ಆಮ್ಲ, ಎಸ್ಟರ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೀನ್, ಈ ಇಳಿಕೆ ಕ್ರಮದಲ್ಲಿ. ಮೊನ್ನೆ ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಬಂತು. 2,3-ಡೈಹೈಡ್ರಾಕ್ಸಿಬ್ಯೂಟೇನ್‌ಡಯೋಯಿಕ್ ಆಮ್ಲ ಎಂದು ಒಂದೇ ಸಲಕ್ಕೆ ಬರೆದೆ. ತುಂಬಾ ಖುಷಿಯಾಯಿತು.