ಡೈನಾಮಿಕ್ ಮೈಕ್‌ಗೆ ಪ್ರಿಆ್ಯಂಪ್: ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಡೈನಾಮಿಕ್ ಮೈಕ್ (ಹೊರಗಿನ ವಿದ್ಯುತ್ ಬೇಡದ, ಸಣ್ಣ ಸಿಗ್ನಲ್ ಕೊಡುವ ಮೈಕ್) ತಂದು ಮನೆಯಲ್ಲೇ ಪಾಡ್‌ಕಾಸ್ಟ್ ಶುರು ಮಾಡಿದವರಿಗೆಲ್ಲ ಈ ತೊಂದರೆ ಗೊತ್ತು. ದನಿ ಸಣ್ಣಗೆ ಕೇಳುತ್ತದೆ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ನಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಪೂರ್ತಿ ತಿರುಗಿಸಿದರೆ ಹಿಂದೆ ‘ಸುಯ್’ ಎನ್ನುವ ಸದ್ದೂ ಏರುತ್ತದೆ. ಇದಕ್ಕೆ ಪರಿಹಾರವಾಗಿ ಸಿಗುವುದೇ ಇನ್‌ಲೈನ್ ಪ್ರಿಆ್ಯಂಪ್. ಮೈಕ್‌ಗೂ ಇಂಟರ್‌ಫೇಸ್‌ಗೂ ನಡುವೆ ಕೂತು, ಸಣ್ಣ ಸಿಗ್ನಲ್ಲನ್ನು ಮೊದಲೇ ದೊಡ್ಡದು ಮಾಡುತ್ತದೆ. ಆದರೆ ಇದು ಎಲ್ಲರಿಗೂ ಬೇಕಿಲ್ಲ. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಖರೀದಿ.

1. ಮೈಕ್ ಹತ್ತಿರ ಬನ್ನಿ

ಬಾಯಿಂದ ಮೈಕ್‌ಗೆ ಇರುವ ದೂರ ಅರ್ಧವಾದರೆ ಸಿಗ್ನಲ್ ಸುಮಾರು 6 ಡೆಸಿಬೆಲ್ ಏರುತ್ತದೆ. 20 ಸೆಂ.ಮೀ. ದೂರ ಕೂತು ಮಾತಾಡುವವರು 5 ಸೆಂ.ಮೀ.ಗೆ ಬಂದರೆ ಸುಮಾರು 12 ಡೆಸಿಬೆಲ್ ಪುಕ್ಕಟೆ ಸಿಕ್ಕಿತು. ‘ಪ’, ‘ಬ’ ಹೇಳುವಾಗ ಉಸಿರು ಬಡಿಯುತ್ತದಲ್ವಾ, ಅದಕ್ಕೆ ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಓರೆಯಾಗಿಡಿ.

2. ಸದ್ದು ಎಲ್ಲಿಂದ ಬರುತ್ತಿದೆ?

ಹೆಡ್‌ಫೋನ್ ಹಾಕಿಕೊಂಡು, ಏನೂ ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಈಗ ಫ್ಯಾನ್ ಆರಿಸಿ, ಗೇನ್ ಮುಟ್ಟದೆ ಇನ್ನೊಂದು ಸಲ ಮಾಡಿ. ಎರಡನ್ನೂ ಕೇಳಿ. ಸದ್ದು ತಟ್ಟನೆ ಇಳಿದಿದ್ದರೆ ಅದು ಫ್ಯಾನಿನದು. ಪ್ರಿಆ್ಯಂಪ್ ಹಾಕಿದರೆ ನಿಮ್ಮ ದನಿಯಷ್ಟೇ ಫ್ಯಾನಿನ ದನಿಯೂ ದೊಡ್ಡದಾಗುತ್ತದೆ, ಲಾಭವಿಲ್ಲ. ಫ್ಯಾನ್, ಎಸಿ, ಫ್ರಿಜ್ ಎಲ್ಲ ನಿಂತ ಮೇಲೂ ಒಂದೇ ಸಮನೆ ‘ಸುಯ್’ ಉಳಿದರೆ, ಇಂಟರ್‌ಫೇಸ್ ಏದುಸಿರು ಬಿಡುತ್ತಿದೆ ಎಂದು ಅನುಮಾನಿಸಬಹುದು.

3. ಲೆಕ್ಕ ಹಾಕಿ

ಶ್ಯೂರ್ ಎಸ್‌ಎಂ7ಬಿ ಮೈಕ್‌ಗೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು ಎಂದು ಕಂಪನಿಯೇ ಹೇಳುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಮೂರನೇ ತಲೆಮಾರಿನದು ಕೊಡುವುದು 56. ಇಲ್ಲಿ ಪ್ರಿಆ್ಯಂಪ್‌ಗೆ ಅರ್ಥವಿದೆ. ಅದೇ ಇಂಟರ್‌ಫೇಸ್‌ಗೆ ಶ್ಯೂರ್‌ನದೇ ಎಸ್‌ಎಂ58 ಮೈಕ್ ಹಾಕಿದರೆ ಸಿಗ್ನಲ್ ನಾಲ್ಕೈದು ಡೆಸಿಬೆಲ್ ಜಾಸ್ತಿ ಬರುತ್ತದೆ. ಹತ್ತಿರದಿಂದ ಮಾತಾಡುವವರಿಗೆ ಬಹುತೇಕ ಸಾಕು. ಸ್ಕಾರ್ಲೆಟ್ 2ಐ2 ನಾಲ್ಕನೇ ತಲೆಮಾರಿನದರಲ್ಲಿ 69 ಡೆಸಿಬೆಲ್ ಇದೆ. ಅದಿದ್ದವರು ಸುಮ್ನೆ ಖರ್ಚು ಮಾಡಬೇಡಿ.

4. ಯಾವುದನ್ನು ಆರಿಸುವುದು?

ಕ್ಲೌಡ್‌ಲಿಫ್ಟರ್ ಸಿಎಲ್-1 ಸುಮಾರು 25 ಡೆಸಿಬೆಲ್ ಸೇರಿಸುತ್ತದೆ. ಟ್ರೈಟನ್ ಫೆಟ್‌ಹೆಡ್ 27, ಎಸ್‌ಇ ಡೈನಮೈಟ್ ಡಿಎಂ1 28. ಈ ಎರಡು ಮೂರು ಡೆಸಿಬೆಲ್ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ನೋಡಬೇಕಾದದ್ದು ಆಕಾರ. ಕ್ಲೌಡ್‌ಲಿಫ್ಟರ್ ಪೆಟ್ಟಿಗೆಯಂತಿದೆ, ಹಾಗಾಗಿ ಇನ್ನೊಂದು ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್‌ನ ಮೈಕ್ ಕೇಬಲ್) ಕೊಳ್ಳಬೇಕು. ಫೆಟ್‌ಹೆಡ್, ಡೈನಮೈಟ್ ಕೊಳವೆಯಂತಿವೆ, ನೇರ ಮೈಕ್‌ನ ಹಿಂಬದಿಗೇ ಸಿಕ್ಕಿಸಬಹುದು. ಆದರೆ ಕೈಯಲ್ಲಿ ಹಿಡಿದು ಹಾಡುವವರಿಗೆ ಮೈಕ್ ಉದ್ದವಾಗಿ ಭಾರ ಎನಿಸುತ್ತದೆ. ಕೇಬಲ್ ಉದ್ದವಿದ್ದರೆ ಮೈಕ್ ಕಡೆಗೇ ಹಾಕುವುದು ಒಳ್ಳೆಯದು. ದಾರಿಯಲ್ಲಿ ಗದ್ದಲ ಸೇರುವ ಮೊದಲೇ ಸಿಗ್ನಲ್ ದೊಡ್ಡದಾಗಿರುತ್ತದೆ.

ಚೆಂಡೆ, ಡೋಲಿನಂಥ ಜೋರು ವಾದ್ಯ ರೆಕಾರ್ಡ್ ಮಾಡುವವರಿಗೆ ಇದು ಬೇಡವೇ ಬೇಡ. ಇರುವ ಸಿಗ್ನಲ್ಲೇ ಜಾಸ್ತಿ, ಸದ್ದು ಒಡೆಯುತ್ತದೆ.

ಇನ್ನೂ ಮೈಕ್ ಕೊಂಡಿಲ್ಲದವರು 2023ರಲ್ಲಿ ಬಂದ ಶ್ಯೂರ್ ಎಸ್‌ಎಂ7ಡಿಬಿ ನೋಡಬಹುದು. ಅದರೊಳಗೇ ಪ್ರಿಆ್ಯಂಪ್ ಇದೆ, 18 ಅಥವಾ 28 ಡೆಸಿಬೆಲ್ ಆರಿಸಿಕೊಳ್ಳಬಹುದು.

5. 48 ವೋಲ್ಟ್ ಇದೆಯೇ?

ಈ ಸಾಧನಗಳು ಓಡುವುದು ಇಂಟರ್‌ಫೇಸ್ ಮೈಕ್ ಕೇಬಲ್ ಮೂಲಕವೇ ಕೊಡುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್‌ನಿಂದ. ಫೋನಿಗೋ ಕ್ಯಾಮೆರಾಗೋ ನೇರ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ. ಮೇಲೆ ಹೇಳಿದ ಮೂರೂ ಆ ವಿದ್ಯುತ್ತನ್ನು ಮೈಕ್‌ವರೆಗೆ ಬಿಡುವುದಿಲ್ಲ, ಆದ್ದರಿಂದ ಆ ವಿದ್ಯುತ್ ಬೇಕಾಗುವ ಕಂಡೆನ್ಸರ್ ಮೈಕ್‌ಗೆ ಇವು ಹೊಂದುವುದಿಲ್ಲ.

6. ಜೋಡಿಸುವ ಕ್ರಮ

ಗೇನ್ ಮತ್ತು ಹೆಡ್‌ಫೋನ್ ದನಿ ಎರಡನ್ನೂ ಸೊನ್ನೆಗೆ ಇಳಿಸಿ. ಕೇಬಲ್‌ಗಳನ್ನೆಲ್ಲ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಒತ್ತಿ, ಕೆಲವು ಕ್ಷಣ ಕಾಯಿರಿ. ಎಂದಿನ ದನಿಯಲ್ಲಿ ಮಾತಾಡುತ್ತಾ ಗೇನ್ ನಿಧಾನ ಏರಿಸಿ. ಜೋರಾಗಿ ಹೇಳಿದ ಮಾತು ರೆಕಾರ್ಡಿಂಗ್ ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ.