ಕ್ಯಾನ್ ನೀರಿನ ಘಟಕ ಲಾಭದಲ್ಲಿದೆಯಾ? ಲೆಕ್ಕ ಹಾಕುವುದು ಹೀಗೆ

ಕೋಲಾರದಲ್ಲಿ ಸಣ್ಣ ಪುಟ್ಟ ಉದ್ಯಮಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಅದರಲ್ಲಿ ನೀರಿನ ಘಟಕಗಳೂ ಇವೆ. ಮಾರ್ಚ್ ಮುಗಿಯುತ್ತಿದ್ದಂತೆ ಯಾರಾದರೊಬ್ಬರು ಬಿಲ್ಲು, ಚೀಟಿ, ಡೀಸೆಲ್ ರಸೀದಿ ಎಲ್ಲವನ್ನೂ ಒಂದು ಕವರಿಗೆ ತುರುಕಿಕೊಂಡು ಬಂದು ಎದುರಿಗೆ ಕೂರುತ್ತಾರೆ. ಎಲ್ಲರದ್ದೂ ಒಂದೇ ಮಾತು. "ದಿನಾ ನಾನೂರು ಕ್ಯಾನ್ ಹೋಗ್ತಿದೆ ಸಾರ್, ಕೈಯಲ್ಲಿ ದುಡ್ಡೇ ನಿಲ್ತಿಲ್ಲ." ನೀರು ಬೋರ್‌ನಿಂದ ಬರುತ್ತೆ, ಮಷಿನ್ ಶುದ್ಧ ಮಾಡುತ್ತೆ, ಮಿಕ್ಕಿದ್ದೆಲ್ಲ ಲಾಭ ಅಂದುಕೊಂಡು ಇಳಿದವರೇ ಜಾಸ್ತಿ. ಇವರು ಸೋಮಾರಿಗಳಲ್ಲ, ಬೆಳಗ್ಗೆ ಐದಕ್ಕೆ ಶೆಟರ್ ಎತ್ತುವವರು. ಅವರು ಸೋಲುವುದನ್ನು ನೋಡಿದರೆ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕೆಳಗಿನ ಅಂಕಿಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಘಟಕದ ಅಂಕಿ ಹಾಕಿಕೊಂಡು ಓದಿ.

ಮೊದಲ ಹೆಜ್ಜೆ: ಎರಡು ಮೀಟರ್ ಹಾಕಿಸಿ

ಬೋರ್‌ನಿಂದ ಒಳಗೆ ಬರುವ ಪೈಪಿಗೆ ಒಂದು ನೀರಿನ ಮೀಟರ್, ಉಪ್ಪಿನಂಶ ಸೋಸುವ ಆರ್‌ಒ ಮಷಿನ್‌ನಿಂದ ಶುದ್ಧ ನೀರು ಹೊರಬರುವ ಪೈಪಿಗೆ ಇನ್ನೊಂದು. ರಾತ್ರಿ ಬೀಗ ಹಾಕುವ ಮುಂಚೆ ಎರಡನ್ನೂ ಬರೆದಿಡಿ. 16,000 ಲೀಟರ್ ಎತ್ತಿ 8,000 ಲೀಟರ್ ಕ್ಯಾನ್‌ಗೆ ಹೋಗಿದ್ದರೆ, ನೀವು ಕರೆಂಟ್ ಬಿಲ್ ಕಟ್ಟುತ್ತಿರುವುದು 16,000 ಲೀಟರಿಗೆ. ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿರುತ್ತೆ, ನೀರಿನಲ್ಲಿ ಉಪ್ಪಿನಂಶ, ಫ್ಲೋರೈಡ್ ಎರಡೂ ಇರುತ್ತೆ. ನೀರು ಗಡುಸಾದಷ್ಟೂ ಮಷಿನ್ ಸೋಸಿ ಆಚೆ ಬಿಡುವ ಉಪ್ಪು ನೀರು ಜಾಸ್ತಿ. ಕೆಲವರು ಆ ನೀರು ಉಳಿಸಲು ಅದು ಹೊರಹೋಗುವ ರಿಜೆಕ್ಟ್ ವಾಲ್ವ್ ತಿರುಗಿಸಿ ಬಿಗಿ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ನೀರು ಸೋಸುವ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿಕೊಳ್ಳುತ್ತೆ, ಎರಡು ಮೂರು ವರ್ಷ ಬರಬೇಕಾದ್ದು ಆರು ತಿಂಗಳಿಗೆ ಹೋಗುತ್ತೆ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಕೆರೆ ಪಕ್ಕದ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ, ಸಂತೋಷ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಬಿಡುವ ನೀರು. ಅಂಥ ಕಡೆ ಬೋರ್ ಇದ್ದವರು ನೀರಿನ ಪರೀಕ್ಷೆ ಖರ್ಚನ್ನು ಜಾಸ್ತಿ ಇಟ್ಟುಕೊಳ್ಳಲೇಬೇಕು.

ಎರಡನೆಯದು: ಕ್ಯಾನ್ ಒಂದಕ್ಕೆ ಖರ್ಚೆಷ್ಟು

ಇದು ಸುಲಭ. ದಿನಕ್ಕೆ 400 ಕ್ಯಾನ್, ತಿಂಗಳಿಗೆ 26 ದಿನ, ಅಂದರೆ 10,400 ಕ್ಯಾನ್. ಕರೆಂಟು 26,000, ಮುಚ್ಚಳ ಮತ್ತು ಸೀಲ್ 20,800, ಕೆಮಿಕಲ್ಲು, ಫಿಲ್ಟರು, ಮೆಂಬ್ರೇನ್‌ಗೆ ಎತ್ತಿಡುವುದು 10,400. ಘಟಕದ ಇಬ್ಬರು, ಡ್ರೈವರ್, ಹೆಲ್ಪರ್ ಸೇರಿ ಸಂಬಳ 62,000. ಡೀಸೆಲ್, ಟೈರು, ಇನ್ಶೂರೆನ್ಸ್ 32,000, ಬಾಡಿಗೆ 15,000, ಪರೀಕ್ಷೆ ಮತ್ತು ಲೈಸೆನ್ಸಿಗೆ 8,000. ಒಟ್ಟು 1,74,200. ಕ್ಯಾನ್ ಸವೆತ ಇನ್ನೂ ಸೇರಿಲ್ಲ, ಅದಕ್ಕೆ ಬರುತ್ತೇನೆ.

ಲೈಸೆನ್ಸ್ ವಿಷಯದಲ್ಲಿ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ಪ್ಯಾಕ್ ಮಾಡಿದ ನೀರಿಗೆ ಐಎಸ್‌ಐ ಗುರುತು ಕಡ್ಡಾಯ ಎನ್ನುವುದು ಹೋಯಿತು. ಅದನ್ನು ಕೇಳಿ, ನೀರು ಪರೀಕ್ಷೆ ಮಾಡುವ ಲ್ಯಾಬ್ ಹುಡುಗನನ್ನು ಮನೆಗೆ ಕಳಿಸಿದವರಿದ್ದಾರೆ. ನವೆಂಬರ್‌ನಲ್ಲೇ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಎಫ್‌ಎಸ್‌ಎಸ್‌ಎಐ ಇದೇ ನೀರನ್ನು ಹೆಚ್ಚು ಅಪಾಯದ ಆಹಾರದ ಪಟ್ಟಿಗೆ ಸೇರಿಸಿತು. ಲೈಸೆನ್ಸಿಗೆ ಮುಂಚೆ ತಪಾಸಣೆ, ವರ್ಷಕ್ಕೊಮ್ಮೆ ಹೊರಗಿನವರಿಂದ ಆಡಿಟ್. ಖರ್ಚು ಕಮ್ಮಿಯಾಗಿಲ್ಲ.

ಮೂರನೆಯದು: ಕ್ಯಾನ್ ಎಣಿಸಿ

ಎಡವುವುದು ಇಲ್ಲಿ. ನೀವು ನೀರು ಮಾರುತ್ತಿದ್ದೀರಿ, ನಿಮ್ಮ ದುಡ್ಡು ಇರುವುದು ಮಾತ್ರ ಪ್ಲಾಸ್ಟಿಕ್‌ನಲ್ಲಿ.

ದಿನಕ್ಕೆ 400 ಕ್ಯಾನ್ ಮಾರಲು 400 ಕ್ಯಾನ್ ಸಾಕಾ? ಸಾಲದು. ಮನೆಯಲ್ಲಿ ಒಂದು ಕ್ಯಾನ್ ಖಾಲಿಯಾಗಲು ಸುಮಾರು ನಾಲ್ಕು ದಿನ. ಹಾಗಾಗಿ ಯಾವಾಗಲೂ 1,600 ಕ್ಯಾನ್ ಗಿರಾಕಿಗಳ ಹತ್ತಿರವೇ ಇರುತ್ತೆ. ಇವತ್ತು ತುಂಬಿಸಿದ್ದು 400, ತೊಳೆಯಲು ಬಂದಿರುವುದು 400. ಒಟ್ಟು 2,400. ಒಂದಕ್ಕೆ 180 ರೂಪಾಯಿ ಅಂದರೂ 4,32,000 ರೂಪಾಯಿ. ಮಷಿನ್‌ಗೆ ಕೊಟೇಶನ್ ತರುವಾಗ ಈ ಮೊತ್ತವನ್ನು ಯಾರೂ ಹೇಳುವುದಿಲ್ಲ. ನಂತರ ಕೈಸಾಲ ಮಾಡಿ ನೂರು, ಇನ್ನೂರು ಅಂತ ತರಿಸುತ್ತಾ ಹೋಗುತ್ತಾರೆ.

ಕ್ಯಾನ್ ಸವೆಯುತ್ತೆ, ಕಳೆಯುತ್ತೆ. ಎರಡು ವರ್ಷ ಬಾಳಿಕೆ ಅಂದುಕೊಂಡರೆ ತಿಂಗಳಿಗೆ 100 ಕ್ಯಾನ್, 18,000 ರೂಪಾಯಿ. ಇದನ್ನು ಸೇರಿಸಿದರೆ ತಿಂಗಳ ಖರ್ಚು 1,92,200. ಕ್ಯಾನ್ ಒಂದಕ್ಕೆ ಹದಿನೆಂಟೂವರೆ ರೂಪಾಯಿ ಹತ್ತಿರ. ಐವತ್ತು ರೂಪಾಯಿ ಉಳಿಯುತ್ತೆ ಅಂತ ಮರುಬಳಕೆ ಪ್ಲಾಸ್ಟಿಕ್‌ನ ಕ್ಯಾನ್ ತರಬೇಡಿ. ಕತ್ತಿನ ಹತ್ತಿರ ಬಿರುಕು ಬಿಡುತ್ತೆ, ಮೂರೇ ತಿಂಗಳಿಗೆ ಮಬ್ಬಾಗುತ್ತೆ, ಮಬ್ಬು ಕ್ಯಾನ್‌ನಲ್ಲಿ ಎಷ್ಟೇ ಒಳ್ಳೆ ನೀರು ಕೊಟ್ಟರೂ ಜನ ಮುಖ ಸಿಂಡರಿಸುತ್ತಾರೆ.

ಎಣಿಸುವುದು ಹೇಗೆ? ಪ್ರತಿ ಕ್ಯಾನ್‌ಗೂ ನಂಬರ್ ಹಾಕಿ. ಸ್ಟಿಕ್ಕರ್ ಬೇಡ, ಎರಡು ಸಲ ತೊಳೆದರೆ ಕಿತ್ತುಬರುತ್ತೆ. ಅಳಿಸದ ಹಾಗೆ ಬಿಸಿ ಅಚ್ಚಿನಲ್ಲಿ ಒತ್ತಿಸಿ. ಗಿರಾಕಿ ಪುಸ್ತಕದಲ್ಲಿ ಮೂರು ಕಾಲಂ ಇರಲಿ: ಕೊಟ್ಟಿದ್ದು, ವಾಪಸ್ ಬಂದಿದ್ದು, ಅವರ ಹತ್ತಿರ ಉಳಿದಿದ್ದು. ಗಾಡಿಯದ್ದು ಟ್ರಿಪ್ ಟ್ರಿಪ್‌ಗೂ ಬರೆಸಿ. ಪಿಕಪ್‌ನಲ್ಲಿ ತುಂಬಿದ ಕ್ಯಾನ್ 60 ಹೋಯಿತು, ಎಂಟು ತುಂಬಿದ್ದು ಹಾಗೇ ವಾಪಸ್ ಬಂತು, ಖಾಲಿ 47 ಬಂತು. ಅಂದರೆ ಕೊಟ್ಟಿದ್ದು 52, ಐದು ಕ್ಯಾನ್ ಹೊರಗೆ ಜಾಸ್ತಿಯಾಯಿತು. ಆ ಐದು ಯಾರ ಮನೆಯಲ್ಲಿ ಅಂತ ಡ್ರೈವರ್ ಅಲ್ಲೇ ನಿಂತು ಹೇಳಬೇಕು. ಸಂಜೆ ಕೇಳಿದರೆ ಅವನಿಗೂ ನೆನಪಿರಲ್ಲ. ತಿಂಗಳಿಗೊಮ್ಮೆ ಭಾನುವಾರ ಶೆಡ್‌ನಲ್ಲಿರುವುದನ್ನು ಎಣಿಸಿ ಪುಸ್ತಕಕ್ಕೆ ತಾಳೆ ನೋಡಿ.

ಕಳೆದ ಕ್ಯಾನ್ ಎಲ್ಲಿಗೆ ಹೋಗುತ್ತೆ ಅಂತ ನಾನೇ ಒಮ್ಮೆ ಕಣ್ಣಾರೆ ನೋಡಿದ್ದೇನೆ. ಶ್ರೀನಿವಾಸಪುರದ ಕಡೆ ಘಟಕದ ಮಾಲೀಕರೊಬ್ಬರ ಜೊತೆ ಹೋಗುತ್ತಿದ್ದೆ. ರಸ್ತೆ ಪಕ್ಕದ ಟೊಮೆಟೊ ತೋಟದಲ್ಲಿ ಡ್ರಮ್ ಹತ್ತಿರ ನೀಲಿ ಕ್ಯಾನ್ ನಾಲ್ಕು ಸಾಲಾಗಿ ನಿಂತಿದ್ದವು. ಕತ್ತಿಗೆ ಗೋಣಿ ಹಗ್ಗ ಕಟ್ಟಿತ್ತು, ಒಳಗೆ ಔಷಧಿ ಕಲಸಿದ ಬಿಳಿ ಗೆರೆ ಒಣಗಿ ಅಂಟಿಕೊಂಡಿತ್ತು, ಅರ್ಧ ಹರಿದ ಸ್ಟಿಕ್ಕರ್‌ನಲ್ಲಿ ಇವರ ಘಟಕದ ಹೆಸರಿನ ಮೊದಲ ಮೂರು ಅಕ್ಷರ ಇನ್ನೂ ಕಾಣುತ್ತಿತ್ತು. ಇವರು ಗಾಡಿ ನಿಲ್ಲಿಸಿ, ರೈತರ ಹತ್ತಿರ ಮಾತಾಡಿ ನಾಲ್ಕನ್ನೂ ಈಸ್ಕೊಂಡರು. "ಚೆನ್ನಾಗಿ ತೊಳೆದರೆ ಆಗುತ್ತೆ ಬಿಡಿ" ಅಂದರು. ನಾನು ಒಪ್ಪಲಿಲ್ಲ. ಶೆಡ್‌ಗೆ ಬಂದ ಮೇಲೆ ನಾಲ್ಕನ್ನೂ ಕೊಯ್ಸಿ ಗುಜರಿಗೆ ಹಾಕಿಸಿದೆ. ನಿಮ್ಮ ಕ್ಯಾನ್‌ನಲ್ಲಿ ಔಷಧಿ, ಸೀಮೆಎಣ್ಣೆ, ಪೆಟ್ರೋಲ್ ವಾಸನೆ ಬಂತು ಅಂದರೆ ಕೊಯ್ದು ಬಿಸಾಕಿ. 720 ರೂಪಾಯಿ ಹೋದರೆ ಹೋಗಲಿ, ಆ ನೀರು ಯಾರದ್ದೋ ಮಗು ಕುಡಿಯುತ್ತೆ.

ಇದರ ಜೊತೆಗೇ ಇನ್ನೊಂದು ತಪ್ಪು: ಕ್ಯಾನ್ ಅಡ್ವಾನ್ಸ್. ಹೊಸ ಗಿರಾಕಿಯಿಂದ ಕ್ಯಾನ್‌ಗೆ 150 ರೂಪಾಯಿ ತಗೊಳ್ಳುತ್ತೀರಿ, ಅಲ್ವಾ? 1,600 ಕ್ಯಾನ್‌ಗೆ 2,40,000. ಅದು ನಿಮ್ಮ ಸಂಪಾದನೆ ಅಲ್ಲ, ಗಿರಾಕಿಗೆ ನೀವು ಕೊಡಬೇಕಾದ ಸಾಲ. ಈ ದುಡ್ಡನ್ನು ಸೈಟಿಗೆ ಅಡ್ವಾನ್ಸ್ ಕೊಟ್ಟವರನ್ನು ನೋಡಿದ್ದೇನೆ. ಒಂದು ಪಿ.ಜಿ. ಮುಚ್ಚಿ, 40 ಕ್ಯಾನ್ ತಂದು ಬಾಗಿಲಿಗಿಟ್ಟು 6,000 ಕೊಡಿ ಅಂದರೆ ಅವತ್ತೇ ಕೊಡಬೇಕು. ಅಡ್ವಾನ್ಸ್‌ಗೆ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆಯಿರಿ.

ನಾಲ್ಕನೆಯದು: ನಿಜವಾಗಿ ಕೈಗೆ ಬರುವ ಬೆಲೆ

ಬೋರ್ಡಿನಲ್ಲಿ 35 ಅಂತ ಬರೆದಿರುತ್ತೀರಿ. 400ರಲ್ಲಿ ಮನೆಗಳಿಗೆ 120 ಕ್ಯಾನ್ 35ರಂತೆ, ಅಂಗಡಿ, ಹೋಟೆಲ್, ಆಫೀಸಿಗೆ 180 ಕ್ಯಾನ್ 25ರಂತೆ, ಘಟಕಕ್ಕೇ ಬಂದು ಒಯ್ಯುವ ಏಜೆಂಟರಿಗೆ 100 ಕ್ಯಾನ್ 15ರಂತೆ. ದಿನಕ್ಕೆ 10,200 ರೂಪಾಯಿ, ಸರಾಸರಿ 25.50. ತಿಂಗಳಿಗೆ 2,65,200. ಖರ್ಚು ಕಳೆದರೆ ಉಳಿಯುವುದು 73,000. ಮಷಿನ್ ಸಾಲದ ಕಂತು 35,000 ಮತ್ತು ನಿಮ್ಮ ದುಡಿಮೆಗೆ ಸಂಬಳ ಅಂತ 30,000 ತೆಗೆದರೆ ಮಿಕ್ಕುವುದು 8,000. ನಿಮ್ಮ ಸಂಬಳವನ್ನು ಬರೆದೇ ತೀರಬೇಕು, "ನಂದೇ ಅಲ್ವಾ" ಅಂತ ಬಿಟ್ಟರೆ ಲೆಕ್ಕ ಸುಳ್ಳು ಹೇಳುತ್ತೆ.

ಈಗ ಉದ್ರಿ. ತಿಂಗಳ ಮಾರಾಟದಲ್ಲಿ ನೂರಕ್ಕೆ ಹದಿನೈದು ಬಾಕಿ ನಿಂತರೆ 39,780 ರೂಪಾಯಿ. 8,000 ಉಳಿತಾಯ ಇರುವವನಿಗೆ 39,780 ಬಾಕಿ! ಕೈಯಲ್ಲಿ ದುಡ್ಡು ಯಾಕೆ ನಿಲ್ಲಲ್ಲ ಅನ್ನುವ ಪ್ರಶ್ನೆಗೆ ಉತ್ತರ ಇದೇ. ಮನೆಗಳಿಗೆ ಮುಂಗಡ ಕೂಪನ್ ಮಾಡಿ, ಹತ್ತು ಕೂಪನ್ ಒಟ್ಟಿಗೆ ಕೊಂಡರೆ ಹತ್ತು ರೂಪಾಯಿ ಕಮ್ಮಿ ಮಾಡಿ. ಛತ್ರಗಳಿಗೆ, ಮದುವೆ ಮನೆಗೆ ಕ್ಯಾನ್ ಇಳಿಸುವಾಗಲೇ ದುಡ್ಡು ತಗೊಳ್ಳಿ. ಮದುವೆ ಮುಗಿದ ಮೇಲೆ ಯಾರು ಕೊಡಬೇಕು ಅಂತ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಬ್ಬರನ್ನೊಬ್ಬರು ತೋರಿಸುತ್ತಾರೆ. ಟೊಮೆಟೊ ಮಂಡಿಗೆ ಹಾಕುವವರು ವಾರದ ಲೆಕ್ಕ ಇಟ್ಟುಕೊಳ್ಳಿ. ಸೀಸನ್ ಮುಗಿಯಲಿ ಅಂತ ಕಾದರೆ ರೇಟು ಬಿದ್ದ ವರ್ಷ ನಿಮ್ಮ ದುಡ್ಡೂ ಬೀಳುತ್ತೆ.

ಬೆಲೆ ಏರಿಸುವುದೂ ಸುಲಭವಲ್ಲ. ಹಳ್ಳಿಯ ಸರ್ಕಾರಿ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತೆ. ಅಂಥ ಊರಿನಲ್ಲಿ ಬೆಲೆಯ ಪೈಪೋಟಿಗೆ ಹೋಗಬೇಡಿ. ಮನೆ ಬಾಗಿಲಿಗೆ, ಹೇಳಿದ ಹೊತ್ತಿಗೆ ತಂದುಕೊಡುವುದಕ್ಕೆ ನೀವು ದುಡ್ಡು ಕೇಳುತ್ತಿದ್ದೀರಿ.

ಐದನೆಯದು: ಎರಡನೇ ಗಾಡಿ ತೆಗೆಯುವ ಮುಂಚೆ

ಏಪ್ರಿಲ್‌ನಲ್ಲಿ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತೆ, ಮೇ ತಿಂಗಳಲ್ಲಿ ಹೊಸ ಪಿಕಪ್ ಬರುತ್ತೆ, ಮಳೆ ಹಿಡಿದ ಮೇಲೆ ಅದು ಶೆಡ್ ಮುಂದೆ ನಿಂತಿರುತ್ತೆ. ಬೇಸಿಗೆ ಮಾರಾಟ ನೋಡಿ ಗಾಡಿ ತೆಗೆಯಲೇಬೇಡಿ. ಆಗಸ್ಟ್ ತಿಂಗಳ ಮಾರಾಟ ನೋಡಿ ತೀರ್ಮಾನ ಮಾಡಿ. ಬೇಸಿಗೆಗೆ ಎರಡು ತಿಂಗಳು ಬಾಡಿಗೆ ಗಾಡಿ ಸಾಕು.

ಲೆಕ್ಕ ಹೀಗಿದೆ. ಹೊಸ ಗಾಡಿಗೆ ಡ್ರೈವರ್, ಹೆಲ್ಪರ್ 32,000, ಓಡಿಸುವ ಖರ್ಚು 32,000, ಕಂತು 12,000. ಒಟ್ಟು 76,000. ಗಾಡಿಯಲ್ಲಿ ಹೋಗುವ ಕ್ಯಾನ್‌ಗೆ ಸರಾಸರಿ 29 ರೂಪಾಯಿ ಸಿಗುತ್ತೆ. ಕರೆಂಟು, ಮುಚ್ಚಳ, ಕೆಮಿಕಲ್ಲು, ಕ್ಯಾನ್ ಸವೆತಕ್ಕೆ ಏಳು ಚಿಲ್ಲರೆ ಕಳೆದರೆ 22 ಉಳಿಯುತ್ತೆ. ಗಾಡಿ ತನ್ನ ಖರ್ಚು ತಾನು ದುಡಿಯಲು ದಿನಕ್ಕೆ ಸುಮಾರು 135 ಹೊಸ ಕ್ಯಾನ್ ಹೋಗಬೇಕು. ದಿನಕ್ಕೆ 400 ಮಾರಲು 2,400 ಕ್ಯಾನ್ ಬೇಕಾಯಿತಲ್ಲ, ಹಾಗೇ ಈ 135ಕ್ಕೂ ಆರುಪಟ್ಟು, 810 ಹೊಸ ಕ್ಯಾನ್ ಬೇಕು. ಅದಕ್ಕೆ 1,45,800 ರೂಪಾಯಿ.

ಅಷ್ಟಕ್ಕೇ ಮುಗಿಯಲ್ಲ. ಈಗ ನಿಮ್ಮ ವರ್ಷದ ವಹಿವಾಟು 32 ಲಕ್ಷದ ಒಳಗಿದೆ. ಈ 135 ಕ್ಯಾನ್ ಸೇರಿದರೆ 44 ಲಕ್ಷ. 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 20 ಲೀಟರ್ ಕ್ಯಾನ್ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಾಟಲಿ ನೀರಿನದ್ದು ಶೇ 18 ಇದ್ದದ್ದು ಅದೂ ಶೇ 5 ಆಗಿದೆ. ಆದರೂ ಗಿರಾಕಿ ಮೇಲೆ ಹಾಕಲಾಗದಿದ್ದರೆ ಅದು ನಿಮ್ಮ ಜೇಬಿನಿಂದಲೇ ಹೋಗುತ್ತೆ. ಮನೆ, ಅಂಗಡಿ ಗಿರಾಕಿಗಳೇ ಜಾಸ್ತಿ ಇದ್ದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ವ್ಯವಸ್ಥೆಯಾದ ಕಾಂಪೋಸಿಶನ್ ಸ್ಕೀಮ್ ತಗೊಳ್ಳಿ, ವಹಿವಾಟಿನ ಶೇ 1 ಕಟ್ಟಿದರೆ ಆಯಿತು. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹಾಕಬೇಕು ಅಂದುಕೊಂಡಿದ್ದರೆ ಅವರು ತೆರಿಗೆ ಬಿಲ್ ಕೇಳುತ್ತಾರೆ, ಆಗ ಕಾಂಪೋಸಿಶನ್ ನಡೆಯಲ್ಲ. ಕೆಜಿಎಫ್ ಕಡೆಯವರು ಇನ್ನೂ ಹುಷಾರಾಗಿರಬೇಕು. ಗಡಿ ದಾಟಿ ಆಂಧ್ರದ ಕುಪ್ಪಂಗೆ ಒಂದು ಲೋಡ್ ಮಾರಿದರೂ ಅದು ಹೊರರಾಜ್ಯದ ಮಾರಾಟ. 40 ಲಕ್ಷದ ವಿನಾಯಿತಿಯೂ ಇಲ್ಲ, ಕಾಂಪೋಸಿಶನ್ನೂ ಇಲ್ಲ.

ದೂರದ ಊರಿಗೆ ಹೋಗುವ ಆಸೆಯನ್ನು ನಾನಂತೂ ಬೇಡ ಅಂತಲೇ ಹೇಳುವುದು. ನೀರು ಭಾರ, ಬೆಲೆ ಕಮ್ಮಿ, ಹತ್ತು ಕಿಲೋಮೀಟರ್ ಜಾಸ್ತಿ ಹೋದರೆ ಲಾಭವೆಲ್ಲ ಡೀಸೆಲ್‌ಗೆ. ಬಿಸ್ಲೆರಿಯಂಥ ದೊಡ್ಡ ಕಂಪನಿ ಕೂಡ ದೇಶದಲ್ಲಿ ನೂರಕ್ಕೂ ಜಾಸ್ತಿ ಕಡೆ ನೀರು ತುಂಬಿಸುತ್ತೆ, ಒಂದೇ ಕಡೆ ತುಂಬಿಸಿ ಊರೂರಿಗೆ ಸಾಗಿಸಲ್ಲ. ಈಗಿನ ಲೈನ್‌ನಲ್ಲೇ, ಗಾಡಿ ನಿಲ್ಲುವ ಬೀದಿಯಲ್ಲೇ ಇನ್ನೂ ಎರಡು ಮನೆ ಹಿಡಿಯಿರಿ. ಗಿರಾಕಿ ಪುಸ್ತಕ ತೆಗೆದು ಬೀದಿ ಪ್ರಕಾರ ಬರೆದುಕೊಂಡರೆ, ಒಂದೇ ಒಂದು ಕ್ಯಾನ್‌ಗಾಗಿ ಗಾಡಿ ತಿರುಗುವ ಬೀದಿಗಳು ಯಾವುವು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ಡ್ರೈವರ್‌ನ ಜೊತೆ ಕೂತು ಬರೆಯಿರಿ, ಯಾವ ಮನೆಯವರು ಪಕ್ಕದ ಮನೆಯವರಿಗೆ ಹೇಳುತ್ತಾರೆ ಅನ್ನುವುದು ಅವನಿಗೆ ಗೊತ್ತಿರುತ್ತೆ.