ಹದಿಹರೆಯದ ಮಕ್ಕಳೊಂದಿಗೆ ಬೇಸಿಗೆಯ ಬೆಟ್ಟದ ಪ್ರವಾಸ: ಯೋಜಿಸುವ ಬಗೆ

ನಕ್ಷೆಯನ್ನು ಮೊದಲು ಮಕ್ಕಳ ಮುಂದೆ ಹರಡಿ, ದಾರಿ, ಊಟ, ಹೊರಡುವ ಹೊತ್ತು ಸೇರಿದಂತೆ ಒಂದು ಇಡೀ ದಿನದ ಹೊಣೆಯನ್ನು ಅವರಿಗೇ ಒಪ್ಪಿಸಿರಿ. ತಾವೇ ಆರಿಸಿದ ಏರುದಾರಿಯಲ್ಲಿ ಅವರು ಗೊಣಗುವುದು ಕಡಿಮೆ.

ನಡಿಗೆಯ ಸಮಯವನ್ನು ಅಂದಾಜಿಸಲು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ರೂಪಿಸಿದ ಲೆಕ್ಕ ಇಂದಿಗೂ ಉಪಯುಕ್ತವಾಗಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ವಿಶ್ರಾಂತಿಯ ವೇಳೆ ಇದರಲ್ಲಿ ಸೇರಿಲ್ಲವಾದ್ದರಿಂದ ಅದನ್ನು ಧಾರಾಳವಾಗಿಯೇ ಕೂಡಿಸಿಕೊಳ್ಳಿ.

ಎತ್ತರದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಸುಮಾರು 2500 ಮೀಟರ್ ಮೀರಿದರೆ ಗಟ್ಟಿಮುಟ್ಟಾದ ಮಕ್ಕಳಿಗೂ ತಲೆನೋವು, ವಾಕರಿಕೆ ಕಾಣಿಸಿಕೊಳ್ಳಬಹುದು. 3000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ತಂಗಿಯ ಮುಂದೆ ಸೋಲೊಪ್ಪಲು ನಾಚುವ ಹದಿನೈದರ ಹುಡುಗ ತಲೆನೋವನ್ನು ನುಂಗಿಕೊಂಡೇ ನಡೆಯುತ್ತಾನೆ. ಅವನು ಊಟದ ಡಬ್ಬಿಯನ್ನು ಮುಚ್ಚಳ ತೆರೆಯದೆ ಬದಿಗಿಟ್ಟನೆಂದರೆ ಅದನ್ನೇ ಸೂಚನೆಯೆಂದು ತಿಳಿದು ಅಲ್ಲಿಯೇ ನಿಲ್ಲಿರಿ, ಲಕ್ಷಣ ಹೆಚ್ಚಿದರೆ ಕೆಳಗಿಳಿಯಿರಿ.

ಪ್ರತಿ 1000 ಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ ಬೇಸಿಗೆಯಲ್ಲೂ ಸ್ವೆಟರ್, ಮಳೆಯಂಗಿ ಚೀಲದಲ್ಲಿರಲಿ. ಹೊಸ ಶೂಗಳನ್ನು ಹೊರಡುವ ಕೆಲವು ವಾರ ಮೊದಲೇ ತೊಟ್ಟು ಪಳಗಿಸಲಿ. ಮಧ್ಯಾಹ್ನದ ಗುಡುಗುಮಳೆಗೆ ಮುನ್ನ ಶಿಖರದಿಂದ ಇಳಿಯಲು ಬೇಗ ಏಳಬೇಕಾಗುತ್ತದೆ. ಆದರೆ ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆದ್ದರಿಂದ ಮರುದಿನ ಅವರನ್ನು ಎಬ್ಬಿಸದೆ ಬಿಡಿ.